ಜೇಬಿನ ಕ್ಯಾಮೆರಾದ ಲೆನ್ಸ್ ಕೈಕೊಟ್ಟಾಗ: ಮಲೆನಾಡಿನ ಮಳೆ, ಬಯಲಿನ ಧೂಳಿನ ನಡುವೆ ದೋಷ ಪತ್ತೆ

ಆರಿದ್ರಾ ಮಳೆ ಹಿಡಿದು ವಾರ ಕಳೆಯುವಷ್ಟರಲ್ಲಿ ಚಿಕ್ಕಮಗಳೂರಿನ ನನ್ನ ಮೇಜಿನ ಮೇಲೆ ಜೇಬುಗಾತ್ರದ ಕ್ಯಾಮೆರಾಗಳು ಸಾಲುಗಟ್ಟುತ್ತವೆ. ಹೆಚ್ಚಿನವು ಹತ್ತು ಹದಿನೈದು ವರ್ಷ ಬೀರುವಿನಲ್ಲಿ ಮಲಗಿದ್ದವು. ಕಾಲೇಜು ಮಕ್ಕಳು ಅಪ್ಪ ಅಮ್ಮನ ಕಾಲದ ಡಿಜಿಟಲ್ ಕ್ಯಾಮೆರಾವನ್ನು ಹುಡುಕಿ ತೆಗೆಯುತ್ತಾರೆ, ಚಾರ್ಜ್ ಮಾಡುತ್ತಾರೆ, ಮುಳ್ಳಯ್ಯನಗಿರಿಗೋ ಬೇಲೂರಿಗೋ ಕೊಂಡೊಯ್ಯುತ್ತಾರೆ, ಎರಡೇ ದಿನದಲ್ಲಿ "ಲೆನ್ಸ್ ಹೋಯಿತು ಅಂಕಲ್" ಎಂದು ತಂದಿಡುತ್ತಾರೆ. ಎಷ್ಟೋ ಸಲ ಲೆನ್ಸ್ ಹೋಗಿರುವುದೇ ಇಲ್ಲ. ಬ್ಯಾಟರಿ ಸೊರಗಿರುತ್ತದೆ, ಗಾಜಿನ ಮೇಲೆ ಹೆಬ್ಬೆರಳಿನ ಗುರುತು ಇರುತ್ತದೆ, ಇಲ್ಲವೇ ಒಂದು ಮರಳಿನ ಹರಳು ಕೊಳವೆಯ ಸಂದಿಯಲ್ಲಿ ಕುಳಿತಿರುತ್ತದೆ. ಆದರೆ ನನ್ನಲ್ಲಿಗೆ ಬರುವ ಮೊದಲೇ ಯಾರಾದರೂ ಅದನ್ನು ಇಕ್ಕಳ ಹಾಕಿ ಎಳೆದಿದ್ದರೆ, ಆಗ ನಿಜಕ್ಕೂ ಹೋಗಿರುತ್ತದೆ.

ಅದನ್ನು ತಪ್ಪಿಸಲೆಂದೇ ಇದನ್ನು ಬರೆಯುತ್ತಿದ್ದೇನೆ. ಸಣ್ಣ ಕ್ಯಾಮೆರಾದ ದೋಷ ಹುಡುಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಇಷ್ಟು ತೆಳ್ಳಗಾದದ್ದು ಹೇಗೆ? ತೆಳ್ಳಗಾಗಲು ಅದು ಯಾವ ಉಪಾಯ ಹೂಡಿದೆಯೋ, ಕೆಡುವುದೂ ಬಹುಪಾಲು ಅದೇ ದಾರಿಯಲ್ಲಿ.

ನಿಮ್ಮ ಕ್ಯಾಮೆರಾ ಯಾವ ಬಗೆಯದು?

ಜೂಮ್ ಲೆನ್ಸಿನಲ್ಲಿ ಹಲವು ಗಾಜುಗಳು ಗುಂಪುಗುಂಪಾಗಿ ಹಿಂದೆ ಮುಂದೆ ಸರಿಯಬೇಕು. ಅದಕ್ಕೆ ಉದ್ದ ಬೇಕು. ಜೇಬಿನಲ್ಲಿ ಉದ್ದಕ್ಕೆ ಜಾಗವಿಲ್ಲ. ಈ ಇಕ್ಕಟ್ಟಿಗೆ ತಯಾರಕರು ಕಂಡುಕೊಂಡ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಎಲ್ಲರೂ ಕಂಡಿರುವುದು. ಸ್ವಿಚ್ ಒತ್ತಿದೊಡನೆ ಒಂದರೊಳಗೊಂದು ಅಡಗಿದ್ದ ಎರಡು ಮೂರು ಕೊಳವೆಗಳು ಹೊರಚಾಚುತ್ತವೆ. ಕೊಳವೆಯ ಒಳಮೈಯಲ್ಲಿ ಓರೆಯಾದ ತೋಡುಗಳನ್ನು ಕೊರೆದಿರುತ್ತಾರೆ. ಆ ತೋಡುಗಳಲ್ಲಿ ಸಣ್ಣ ಪಿನ್ನುಗಳು ಜಾರುತ್ತಾ ಹೋದಂತೆ ಗಾಜುಗಳು ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತವೆ. ಇದನ್ನೆಲ್ಲ ತಳ್ಳುವ ಮೋಟಾರು ಕಿರುಬೆರಳ ತುದಿಗಿಂತ ಚಿಕ್ಕದು, ಹಲ್ಲುಚಕ್ರಗಳು ಪ್ಲಾಸ್ಟಿಕ್ಕಿನವು.

ಎರಡನೆಯದು ಇದರದೇ ಇನ್ನೊಂದು ಹೆಜ್ಜೆ. 2003ರಲ್ಲಿ ಬಂದ ಪೆಂಟಾಕ್ಸ್ ಆಪ್ಟಿಯೊ ಎಸ್ ಕ್ಯಾಮೆರಾದಲ್ಲಿ ಲೆನ್ಸ್ ಒಳಸರಿಯುವಾಗ ನಡುವಿನ ಗಾಜಿನ ಗುಂಪು ಸಾಲು ಬಿಟ್ಟು ಪಕ್ಕಕ್ಕೆ ಜಾರಿಕೊಳ್ಳುತ್ತದೆ. ಉಳಿದ ಗಾಜುಗಳು ಆ ತೆರವಿನಲ್ಲಿ ಒತ್ತಿಕೊಂಡು ಕೂರುತ್ತವೆ. ತುಂಬಿದ ಬಸ್ಸಿನಲ್ಲಿ ಒಬ್ಬರು ಪಕ್ಕಕ್ಕೆ ಸರಿದು ಇಬ್ಬರಿಗೆ ಜಾಗ ಕೊಟ್ಟಂತೆ. ಮತ್ತೆ ಸ್ವಿಚ್ ಒತ್ತಿದಾಗ ಆ ಗುಂಪು ಕೂದಲೆಳೆಯಷ್ಟೂ ಆಚೀಚೆಯಾಗದೆ ಸಾಲಿಗೆ ಮರಳಬೇಕು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಬೆರಗಾಗುತ್ತದೆ.

ಮೂರನೆಯದು ಬೆಳಕನ್ನೇ ಮಡಚುವ ವಿದ್ಯೆ. 2002ರಲ್ಲಿ ಮಿನೋಲ್ಟಾ ತಂದ ಡೈಮೇಜ್ ಎಕ್ಸ್ ಇದನ್ನು ಜನಪ್ರಿಯಗೊಳಿಸಿತು. ಅದರ ಮುಂಭಾಗದ ಗಾಜಿನ ಹಿಂದೆಯೇ ಒಂದು ಪ್ರಿಸಂ ಇದೆ. ಒಳಬಂದ ಬೆಳಕು ಅಲ್ಲಿ 90 ಡಿಗ್ರಿ ತಿರುಗಿ, ಕ್ಯಾಮೆರಾದ ಮೈಯೊಳಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಜೂಮಿನ ಗಾಜುಗಳೆಲ್ಲ ಆ ಲಂಬವಾದ ಓಣಿಯಲ್ಲೇ ಓಡಾಡುತ್ತವೆ. ಹೊರಗೆ ಏನೂ ಚಾಚುವುದಿಲ್ಲ. ಸೋನಿಯ ಟಿ ಸರಣಿ, ನೀರಿಗೆ ಅಂಜದ ಹಲವು ಕ್ಯಾಮೆರಾಗಳು ಇದೇ ದಾರಿ ಹಿಡಿದವು. ಈಗಿನ ದುಬಾರಿ ಮೊಬೈಲ್‌ಗಳಲ್ಲಿ ಪೆರಿಸ್ಕೋಪ್ ಜೂಮ್ ಎಂದು ಕರೆಯುವುದೂ ಇದೇ ವಂಶದ್ದು.

ಗುರುತಿಸುವುದು ಸುಲಭ. ಸ್ವಿಚ್ ಒತ್ತಿ; ಲೆನ್ಸ್ ಹೊರಬಂದರೆ ಮೊದಲೆರಡು ಬಗೆಯಲ್ಲೊಂದು, ಬಾರದಿದ್ದರೆ ಮಡಚಿದ ದಾರಿಯದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಓದಿ.

ಯಾವ ದೋಷವೇ ಇರಲಿ, ಮೊದಲು ಇಷ್ಟು ಮಾಡಿ

ಕಾರ್ಡಿನಲ್ಲಿರುವ ಹಳೆಯ ಚಿತ್ರವೊಂದನ್ನು ತೆರೆದು ನೋಡಿ. ಹಳೆಯ ಚಿತ್ರ ಚೆನ್ನಾಗಿ ಕಂಡು ಹೊಸದು ಮಾತ್ರ ಕೆಟ್ಟಿದ್ದರೆ ದೋಷ ಲೆನ್ಸ್, ಬೆಳಕಿಗೆ ತೆರೆದು ಮುಚ್ಚುವ ಶಟರ್ ಅಥವಾ ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಕಡೆಗಿದೆ. ಹಳೆಯದೂ ಕೆಟ್ಟು ಕಂಡರೆ ಪರದೆಯದೇ ತೊಂದರೆ. ಅದೇ ಚಿತ್ರವನ್ನು ಕಂಪ್ಯೂಟರಿನಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಈ ಒಂದು ಪರೀಕ್ಷೆಗೆ ಖರ್ಚಿಲ್ಲ, ಅರ್ಧ ಗೊಂದಲ ಇಲ್ಲೇ ಕಳೆಯುತ್ತದೆ.

ಆಮೇಲೆ ಬ್ಯಾಟರಿ. ಎರಡು ಪೆನ್ಸಿಲ್ ಸೆಲ್ ಹಾಕುವ ಕ್ಯಾಮೆರಾಗೆ ಗೋಡೆ ಗಡಿಯಾರದ ಅಗ್ಗದ ಸೆಲ್ ಸಾಲದು. ಪರದೆ ಹೊತ್ತಿಕೊಳ್ಳುತ್ತದೆ, ಲೆನ್ಸ್ ತಳ್ಳುವ ಹೊತ್ತಿಗೆ ಶಕ್ತಿ ಕುಸಿಯುತ್ತದೆ. ಆಲ್ಕಲೈನ್ ಸೆಲ್ ಅಥವಾ ಚಾರ್ಜ್ ಮಾಡುವ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿ ನೋಡಿ. ಚಪ್ಪಟೆ ಲಿಥಿಯಂ ಬ್ಯಾಟರಿಯಾದರೆ ಹೊರತೆಗೆದು ಮೇಜಿನ ಮೇಲಿಡಿ. ಹೊಟ್ಟೆ ಉಬ್ಬಿ ತಿರುಗುವಂತಿದ್ದರೆ ಮತ್ತೆ ಬಳಸಲೂಬೇಡಿ, ಚಾರ್ಜಿಗೂ ಹಾಕಬೇಡಿ, ಚುಚ್ಚಬೇಡಿ, ಒಲೆಗಂತೂ ಎಸೆಯಲೇಬೇಡಿ. ಉಬ್ಬಿದ ಬ್ಯಾಟರಿ ಗೂಡಿನೊಳಗೇ ಸಿಕ್ಕಿಕೊಂಡಿದ್ದರೆ ಚಾಕುವಿನಿಂದ ಮೀಟದೆ ಹಾಗೆಯೇ ರಿಪೇರಿಯವರಿಗೆ ಕೊಡಿ.

ಕಾರ್ಡಿನ ಬಗ್ಗೆ ಒಂದು ಮಾತು. ಎಸ್‌ಡಿಎಚ್‌ಸಿ ಕಾರ್ಡುಗಳು ಬಂದದ್ದು 2006ರಲ್ಲಿ. ಅದಕ್ಕೂ ಹಳೆಯ ಕ್ಯಾಮೆರಾ 2 ಜಿಬಿಗಿಂತ ದೊಡ್ಡ ಕಾರ್ಡನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಅಂಗಡಿಯಿಂದ 32 ಜಿಬಿಯದನ್ನು ತಂದು ಹಾಕಿ "ಕಾರ್ಡ್ ಎರರ್" ಬಂದರೆ ಕ್ಯಾಮೆರಾವನ್ನು ದೂರಬೇಡಿ.

ಲೆನ್ಸ್ ಅರ್ಧ ಬಂದು ನಿಂತಿದೆ. ಪರದೆಯಲ್ಲಿ "ಲೆನ್ಸ್ ಎರರ್"

ಹೊರಚಾಚುವ ಲೆನ್ಸಿನ ಕ್ಯಾಮೆರಾಗಳಲ್ಲಿ ಇದು ಎಲ್ಲಕ್ಕಿಂತ ಸಾಮಾನ್ಯವಾದ ದೂರು. ಒಂದೊಂದು ಕಂಪನಿ ಒಂದೊಂದು ರೀತಿ ಹೇಳುತ್ತದೆ: ಕೆಲವು ಹಳೆಯ ಕ್ಯಾನನ್‌ಗಳಲ್ಲಿ ಇ18 ಎಂಬ ಸಂಕೇತ, ಪ್ಯಾನಾಸಾನಿಕ್‌ನಲ್ಲಿ ಸಿಸ್ಟಂ ಎರರ್, ಇನ್ನು ಕೆಲವದರಲ್ಲಿ "ಆಫ್ ಮಾಡಿ ಮತ್ತೆ ಆನ್ ಮಾಡಿ" ಎಂಬ ಸೂಚನೆ. ಅರ್ಥ ಒಂದೇ. ಲೆನ್ಸ್ ಇಷ್ಟು ಹೊತ್ತಿಗೆ ಇಲ್ಲಿಗೆ ತಲುಪಿರಬೇಕಿತ್ತು, ತಲುಪಲಿಲ್ಲ ಎಂದು ಕ್ಯಾಮೆರಾ ಹೇಳುತ್ತಿದೆ. ಯಾಕೆ ತಲುಪಲಿಲ್ಲ ಎಂಬುದು ಅದಕ್ಕೂ ಗೊತ್ತಿಲ್ಲ.

ಕಿವಿಗೊಟ್ಟು ಕೇಳಿ. ಸದ್ದು ಹೇಳುವಷ್ಟನ್ನು ಸಂಕೇತ ಹೇಳುವುದಿಲ್ಲ. ಮೋಟಾರಿನ ಸದ್ದು ಕ್ಷೀಣವಾಗಿ ಎಳೆದು ನಿಂತರೆ ಬ್ಯಾಟರಿ. ಸದ್ದು ಗಟ್ಟಿಯಾಗಿದ್ದು ಲೆನ್ಸ್ ಒಂದೇ ಜಾಗದಲ್ಲಿ ಮುಗ್ಗರಿಸಿ ಹಿಂದೆ ಸರಿದರೆ ಸಂದಿಯಲ್ಲಿ ಏನೋ ಸಿಕ್ಕಿಕೊಂಡಿದೆ. ಟಕಟಕ ಎಂದು ಹಲ್ಲು ಜಾರಿದ ಸದ್ದಾದರೆ ಹಲ್ಲುಚಕ್ರ ಸವೆದಿದೆ ಅಥವಾ ಮುರಿದಿದೆ. ಸದ್ದೇ ಇಲ್ಲದಿದ್ದರೆ ಮೋಟಾರಿಗೆ ವಿದ್ಯುತ್ ಹೋಗುತ್ತಿಲ್ಲ. ಕೊನೆಯ ಎರಡಕ್ಕೆ ಮನೆಮದ್ದಿಲ್ಲ.

ಹೋದ ವರ್ಷ ಮೂಡಿಗೆರೆ ಕಡೆಯ ತೋಟದ ಮನೆಯಿಂದ ಹಿರಿಯ ಮಹಿಳೆಯೊಬ್ಬರು ಬಂದಿದ್ದರು. ಕೈಯಲ್ಲಿ ಲೆನ್ಸ್ ಚಾಚಿಕೊಂಡೇ ನಿಂತ ಬೆಳ್ಳಿ ಬಣ್ಣದ ಕ್ಯಾಮೆರಾ. 2006ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋದಾಗ ಅವರ ಯಜಮಾನರು ತೆಗೆದ ಚಿತ್ರಗಳು ಅದರೊಳಗಿನ ಮೆಮೊರಿಯಲ್ಲೇ ಉಳಿದಿದ್ದವು, ಕಾರ್ಡಿನಲ್ಲಿರಲಿಲ್ಲ. "ಒಳಗಿನ ಫೋಟೋ ಸಿಕ್ಕರೆ ಸಾಕಪ್ಪ, ಕ್ಯಾಮೆರಾ ಹೋದರೆ ಹೋಗಲಿ" ಎಂದರು. ನಾನು ಲೆನ್ಸಿನ ತಂಟೆಗೇ ಹೋಗದೆ, ಪವರ್ ಬಟನ್ ಬದಲು ಚಿತ್ರ ನೋಡುವ ಬಟನ್ನನ್ನು ಒಂದು ಕ್ಷಣ ಒತ್ತಿ ಹಿಡಿದೆ. ಪರದೆ ಬೆಳಗಿತು. ಹಲವು ಕ್ಯಾಮೆರಾಗಳು ಹೀಗೆ ಲೆನ್ಸನ್ನು ಕೆದಕದೆಯೇ ಎಚ್ಚರಗೊಳ್ಳುತ್ತವೆ. ಹಾಲಿನ ಅಭಿಷೇಕದಲ್ಲಿ ಬೆಳ್ಳಗಾದ ಬಾಹುಬಲಿಯ ಭುಜ ಸಣ್ಣ ಪರದೆಯಲ್ಲಿ ಮೂಡಿದಾಗ ಆಕೆ ಕುರ್ಚಿ ಎಳೆದುಕೊಂಡು ಕುಳಿತರು. ಮೊದಲು ಅವೆಲ್ಲವನ್ನೂ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿದೆವು. ಆಮೇಲೆಯೇ ಭೂತಗನ್ನಡಿ ಹಿಡಿದದ್ದು. ಎರಡನೆಯ ಮತ್ತು ಮೂರನೆಯ ಕೊಳವೆಯ ನಡುವೆ, ಗಡಿಯಾರದ ಏಳು ಗಂಟೆಯ ಕಡೆ, ಪಾರ್ಚ್‌ಮೆಂಟ್ ಕಾಫಿಯ ಹೊಟ್ಟಿನ ಚೂರೊಂದು ಬೆಣೆಯಂತೆ ಕುಳಿತಿತ್ತು. ತೆಳು ಕಾಗದದ ಪಟ್ಟಿಯನ್ನು ಸಂದಿಯಲ್ಲಿ ಸುತ್ತಲೂ ಆಡಿಸಿದಾಗ ಹೊರಗೆ ಬಂತು. ಲೆನ್ಸ್ ಒಂದು ಸಲ ಉಸಿರೆಳೆದುಕೊಂಡಂತೆ ಸದ್ದು ಮಾಡಿ ಒಳಗೆ ಹೋಯಿತು.

ನೀವೂ ಇದೇ ಸರದಿಯನ್ನು ಹಿಡಿಯಿರಿ. ಮೊದಲು ಚಿತ್ರಗಳನ್ನು ಉಳಿಸಿಕೊಳ್ಳಿ. ಬ್ಯಾಟರಿ, ಕಾರ್ಡ್ ತೆಗೆದು ಅರ್ಧ ಗಂಟೆ ಬಿಡಿ; ಪೂರ್ಣ ಚಾರ್ಜ್ ಆದ ಬ್ಯಾಟರಿ ಹಾಕಿ ಲೆನ್ಸ್ ನೆಲಕ್ಕೆ ಮುಖ ಮಾಡಿರುವಂತೆ ಹಿಡಿದು ಆನ್ ಮಾಡಿ. ಆಗಲಿಲ್ಲವೇ, ರಬ್ಬರ್ ಬ್ಲೋವರಿನಿಂದ ಕೊಳವೆಗಳ ಸಂದಿಗೆ ಓರೆಯಾಗಿ ಗಾಳಿ ಊದಿ. ಬಾಯಿಂದ ಊದಬೇಡಿ, ಉಗುಳಿನ ತೇವ ಧೂಳನ್ನು ಅಂಟಿಸುತ್ತದೆ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿಯೂ ಬೇಡ, ಅದು ಕಸವನ್ನು ಇನ್ನೂ ಒಳಕ್ಕೆ ನೂಕುತ್ತದೆ. ಆಮೇಲೆ ಕಾಗದದ ಪಟ್ಟಿ. ಸೂಜಿ, ಬ್ಲೇಡ್ ಮುಟ್ಟಬೇಡಿ. ಎಣ್ಣೆ ಬಿಡಲೇಬೇಡಿ: ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟರೂ ಅದು ಹರಡಿ ಶಟರಿನ ರೆಕ್ಕೆಗಳಿಗೆ ತಲುಪುತ್ತದೆ, ರೆಕ್ಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಂದು ದೋಷ ಎರಡಾಗುತ್ತದೆ.

ಕ್ಯಾಮೆರಾ ಕೆಳಗೆ ಬಿದ್ದ ಮೇಲೆ ಹೀಗಾಗಿದ್ದರೆ ಲೆನ್ಸನ್ನು ಕಣ್ಣಿನ ಮಟ್ಟಕ್ಕೆ ತಂದು ಪಕ್ಕದಿಂದ ನೋಡಿ. ಕೊಳವೆ ಸ್ವಲ್ಪವಾದರೂ ವಾಲಿದ್ದರೆ ಪಿನ್ನು ತೋಡಿನಿಂದ ಜಾರಿದೆ ಎಂದರ್ಥ. ಅಂತರ್ಜಾಲದಲ್ಲಿ ಹೆಬ್ಬೆರಳಿನಿಂದ ಒತ್ತಿ "ಕ್ಲಿಕ್" ಎನಿಸುವ ವಿಡಿಯೋಗಳಿವೆ. ಕೆಲವೊಮ್ಮೆ ಅದು ಕೂರುತ್ತದೆ, ನಿಜ. ಆದರೆ ಪಿನ್ನು ಮುರಿದರೆ ಲೆನ್ಸಿನ ಇಡೀ ಜೋಡಣೆಯನ್ನೇ ಬದಲಿಸಬೇಕು. ಬೇರೆ ಕ್ಯಾಮೆರಾ ಇಲ್ಲದವರು, ಈ ಕ್ಯಾಮೆರಾದ ಮೇಲೆ ಮಮತೆ ಇರುವವರು ಅಲ್ಲಿಗೇ ನಿಲ್ಲಿಸಿ. ಆಪ್ಟಿಯೊದಂತೆ ಗಾಜು ಪಕ್ಕಕ್ಕೆ ಜಾರುವ ಬಗೆಯನ್ನಂತೂ ಯಾವ ಕಾರಣಕ್ಕೂ ಕೈಯಿಂದ ಒಳಕ್ಕೆ ಒತ್ತಬೇಡಿ. ನಡುವಿನ ಗುಂಪು ಸರಿದು ಜಾಗ ಬಿಡುವ ಮೊದಲೇ ಮುಂದಿನದು ಬಂದು ಅದಕ್ಕೆ ಗುದ್ದುತ್ತದೆ.

ಮಡಚಿದ ದಾರಿಯ ಕ್ಯಾಮೆರಾದಲ್ಲಿ ಇದೇ ದೋಷ ಬೇರೆ ವೇಷದಲ್ಲಿ ಬರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಜೂಮ್ ಬಟನ್ ಒತ್ತಿದರೆ ಒಳಗೆ ಗರಗರ ಸದ್ದು, ಚಿತ್ರ ಒಂದೆರಡು ಹಂತದಲ್ಲಿ ಮಾತ್ರ ಸ್ಪಷ್ಟ, ಉಳಿದಂತೆ ಮಸುಕು. ಇಲ್ಲಿ ಕಾಗದದ ಪಟ್ಟಿಗೆ ದಾರಿಯೇ ಇಲ್ಲ. ಬ್ಯಾಟರಿ ಬದಲಿಸಿ, ಸೆಟ್ಟಿಂಗುಗಳನ್ನು ಮೊದಲಿನ ಸ್ಥಿತಿಗೆ ತನ್ನಿ. ಅಷ್ಟಕ್ಕೂ ಜಗ್ಗದಿದ್ದರೆ ರಿಪೇರಿಗೆ ಕೊಡುವುದೊಂದೇ ದಾರಿ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಸ್ಕ್ರೂಡ್ರೈವರ್ ಕೈಗೆ ಬರುವುದು ಇದೇ ಹಂತದಲ್ಲಿ. ಫ್ಲ್ಯಾಶ್ ಇರುವ ಪ್ರತಿಯೊಂದು ಸಣ್ಣ ಕ್ಯಾಮೆರಾದೊಳಗೆ ಸುಮಾರು 300 ವೋಲ್ಟ್ ತುಂಬಿಕೊಳ್ಳುವ ಕೆಪಾಸಿಟರ್ ಇರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ. ಹೊದಿಕೆ ಬಿಚ್ಚಿ ಬೆರಳು ಹಾಕಿದವರಿಗೆ ಹೊಡೆಯುವ ಏಟು ಕೈಯನ್ನೇ ಝಾಡಿಸುತ್ತದೆ. ಹೃದಯದ ತೊಂದರೆ ಇರುವವರಿಗೆ ಅಪಾಯ. ಅದನ್ನು ಖಾಲಿ ಮಾಡುವ ಕ್ರಮ ಗೊತ್ತಿಲ್ಲದವರು ಸ್ಕ್ರೂ ಬಿಚ್ಚಬಾರದು.

ಚಿತ್ರವೆಲ್ಲ ಹಾಲು ಬಿದ್ದಂತೆ ಮಂಕು, ದೀಪದ ಸುತ್ತ ಪ್ರಭೆ

ಮೊದಲ ಅನುಮಾನ ಬೆರಳಿನ ಜಿಡ್ಡಿನ ಮೇಲೆ. ಮಡಚಿದ ದಾರಿಯ ಕ್ಯಾಮೆರಾಗಳಲ್ಲಿ ಲೆನ್ಸ್ ಮೈಗೆ ಸಮನಾಗಿ, ಮೇಲ್ಗಡೆಯ ಮೂಲೆಯಲ್ಲಿ ಇರುತ್ತದೆ. ಮುಚ್ಚಳ ಸರಿಸುವಾಗ ಹೆಬ್ಬೆರಳು ನೇರವಾಗಿ ಗಾಜಿಗೇ ತಾಗುತ್ತದೆ. ಚಿತ್ರದ ಒಂದು ಮೂಲೆಯಲ್ಲಿ ಗುಲಾಬಿ ಬಣ್ಣದ ಮಬ್ಬು ಉಂಡೆ ಕಂಡರಂತೂ ಅದು ನಿಮ್ಮದೇ ಎಡಗೈ ಬೆರಳು. ಮೊದಲು ಧೂಳನ್ನು ಊದಿ, ಆಮೇಲೆ ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸಿ. ಅಂಗಿಯ ತುದಿ, ಸೀರೆಯ ಸೆರಗು ಬೇಡ. ಕಡೂರು, ಅರಸೀಕೆರೆ ಕಡೆಯ ಕೆಂಧೂಳು ಅದರಲ್ಲಿದ್ದರೆ ಉಪ್ಪುಕಾಗದದಂತೆ ಗೀಚುತ್ತದೆ.

ಒರೆಸಿದರೂ ಹೋಗದ ಮಂಜು ಒಳಗಡೆಯದಿರಬಹುದು. ಬಾಬಾ ಬುಡನ್‌ಗಿರಿಯ ಚಳಿಗಾಳಿಯಲ್ಲಿ ಎರಡು ಗಂಟೆ ತಿರುಗಿ ಕೆಳಗಿನ ಬೆಚ್ಚಗಿನ ಊಟದ ಕೋಣೆಗೆ ಕ್ಯಾಮೆರಾ ತಂದರೆ, ತಣ್ಣೀರಿನ ಲೋಟದ ಹೊರಮೈ ಬೆವರುವಂತೆ ಲೆನ್ಸ್ ಬೆವರುತ್ತದೆ. ಇದು ದೋಷವಲ್ಲ, ತಾನೇ ಆರುತ್ತದೆ. ಆರುವ ತನಕ ಆನ್ ಮಾಡಬೇಡಿ. ಬೆಟ್ಟದ ಮೇಲೆಯೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಹಾಕಿ ಇಳಿದು ಬಂದು, ಚೀಲ ಕೋಣೆಯಷ್ಟೇ ಬೆಚ್ಚಗಾದ ಮೇಲೆ ತೆಗೆದರೆ ಬೆವರುವುದೇ ಇಲ್ಲ. ನೀರಿಗೆ ಅಂಜದ ಕ್ಯಾಮೆರಾದ ಗಾಜಿನ ಒಳಬದಿಯಲ್ಲಿ ಹನಿಗಳೇ ಕಂಡರೆ ಮಾತು ಬೇರೆ. ಬ್ಯಾಟರಿ ಬಾಗಿಲಿನ ರಬ್ಬರ್ ಅಂಚಿನ ಮೇಲೆ ಒಂದು ಕೂದಲು ಬಿದ್ದಿದ್ದರೂ ನೀರು ನುಗ್ಗುತ್ತದೆ. ಕೂಡಲೇ ಬ್ಯಾಟರಿ ತೆಗೆಯಿರಿ. ಅಕ್ಕಿಯ ಡಬ್ಬಿಯಲ್ಲಿ ಹೂಳಬೇಡಿ, ಅಕ್ಕಿಯ ಹುಡಿ ಒಳಗೆ ಹೋಗುವುದೇ ಹೆಚ್ಚು. ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿಟ್ಟು, ಆದಷ್ಟು ಬೇಗ ತೋರಿಸಿ.

ಮಂಜು ಕವಿದ ಗುಡ್ಡದಲ್ಲಿ ಮಾತ್ರ ಚಿತ್ರ ಮಸುಕಾಗಿ, ಊರಿಗೆ ಬಂದ ಮೇಲೆ ಸರಿಯಾದರೆ ಲೆನ್ಸಿನ ತಪ್ಪೇ ಇಲ್ಲ. ಈ ಕ್ಯಾಮೆರಾಗಳು ಬೆಳಕು ಕತ್ತಲೆಯ ಅಂಚನ್ನು ಹುಡುಕಿ ಫೋಕಸ್ ಮಾಡುತ್ತವೆ. ಮಂಜಿನಲ್ಲಿ ಅಂಚು ಎಲ್ಲಿದೆ? ದೂರದ ಮರದ ಕಪ್ಪು ಕಾಂಡದ ಮೇಲೆ ಬಟನ್ನನ್ನು ಅರ್ಧ ಒತ್ತಿ ಹಿಡಿದು, ಆಮೇಲೆ ಬೇಕಾದ ಕಡೆ ತಿರುಗಿಸಿ ಪೂರ್ತಿ ಒತ್ತಿ.

ಈಗ ನಮ್ಮ ಸೀಮೆಯ ನಿಜವಾದ ಶತ್ರುವಿನ ಮಾತು: ಬೂಷ್ಟು, ಅಂಗಡಿಯ ಭಾಷೆಯಲ್ಲಿ ಫಂಗಸ್. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಮನೆಗಳಲ್ಲಿ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಮದುವೆಯ ಆಲ್ಬಮ್ಮು ಎಲ್ಲಕ್ಕೂ ಹಿಡಿಯುವ ಬೂಷ್ಟೇ ಲೆನ್ಸಿಗೂ ಹಿಡಿಯುತ್ತದೆ. ಲೆನ್ಸ್ ಚಾಚಿರುವಾಗ ಕತ್ತಲ ಕೋಣೆಯಲ್ಲಿ ಸಣ್ಣ ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಿಂದ ನೋಡಿ. ಧೂಳು ಬಿಡಿಬಿಡಿ ಚುಕ್ಕೆಯಾಗಿ ಹೊಳೆಯುತ್ತದೆ. ಬೂಷ್ಟು ಹಾಗಲ್ಲ, ಒಂದು ಬಿಂದುವಿನಿಂದ ಹೊರಟು ಕವಲೊಡೆಯುವ ಸಣ್ಣ ಎಳೆಗಳು, ಮಂಜು ಹನಿ ಹೊತ್ತ ಜೇಡರ ಬಲೆಯ ಚೂರಿನಂತೆ. ಮಡಚಿದ ದಾರಿಯ ಕ್ಯಾಮೆರಾದಲ್ಲಿ ಮುಂದಿನ ಗಾಜು ಮತ್ತು ಪ್ರಿಸಂ ಅಷ್ಟೇ ಕಾಣುತ್ತದೆ, ಆಳದ ಗಾಜುಗಳು ಕಾಣವು. ಅಲ್ಲಿ ಚಿತ್ರವೇ ಸಾಕ್ಷಿ: ಬೀದಿದೀಪವನ್ನು ರಾತ್ರಿ ಫ್ಲ್ಯಾಶ್ ಇಲ್ಲದೆ ತೆಗೆಯಿರಿ, ಗಾಜು ಒರೆಸಿದ ಮೇಲೂ ಪ್ರಭೆ ಉಳಿದರೆ ಒಳಗೆ ಬೂಷ್ಟು ಹಿಡಿದಿರುವ ಸಂಭವ ಹೆಚ್ಚು.

ಹೊರಗಿನ ಗಾಜಿನ ಮೇಲಿನದಾದರೆ ಲೆನ್ಸ್ ಒರೆಸುವ ದ್ರವವನ್ನು ಬಟ್ಟೆಗೆ ಹಾಕಿ ಒರೆಸಬಹುದು. ಗಾಜಿಗೇ ಹನಿಸಿದರೆ ಅಂಚಿನಿಂದ ಒಳಕ್ಕೆ ಇಳಿಯುತ್ತದೆ. ಒಳಗಿನದಾದರೆ ಬಿಚ್ಚಲೇಬೇಕು, ಅದು ಮನೆಯಲ್ಲಿ ಆಗದು. ತಡಮಾಡಬೇಡಿ ಎಂದು ಮಾತ್ರ ಹೇಳಬಲ್ಲೆ. ಬೂಷ್ಟು ಉಗುಳುವ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ. ತಿಂದ ಗುರುತು ಒರೆಸಿದರೂ ಹೋಗುವುದಿಲ್ಲ. ಅಂಥ ಕ್ಯಾಮೆರಾವನ್ನು ಒಳ್ಳೆಯ ಕ್ಯಾಮೆರಾಗಳ ಪಕ್ಕ ಇಡಬೇಡಿ.

ತಡೆಯುವುದು ವಾಸಿ ಮಾಡುವುದಕ್ಕಿಂತ ಬಹಳ ಅಗ್ಗ. ಚರ್ಮದ ಚೀಲದಿಂದ ಹೊರತೆಗೆಯಿರಿ, ಚರ್ಮ ತೇವ ಹಿಡಿದಿಡುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಬಣ್ಣ ಬದಲಿಸುವ ಕಿತ್ತಳೆ ಸಿಲಿಕಾ ಜೆಲ್, ಸಾಧ್ಯವಾದರೆ ತೇವಾಂಶ ತೋರಿಸುವ ಸಣ್ಣ ಮಾಪಕ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. ಜೆಲ್ ಬಣ್ಣ ಬದಲಿಸಿದಾಗ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಆರಿಸಿ, ಮತ್ತೆ ಹಾಕಿ. ನುಸಿಗುಳಿಗೆ, ಕರ್ಪೂರ ಬೇಡ. ಕ್ಯಾಮೆರಾಗಳ ಕೈಪಿಡಿಗಳಲ್ಲೇ ಅದನ್ನು ಬೇಡವೆಂದು ಬರೆದಿರುತ್ತದೆ. ಲೆನ್ಸ್ ತೆರೆದು ಸೂರ್ಯನಿಗೆ ಮುಖ ಮಾಡಿ ಒಣಗಿಸುವುದಂತೂ ತಪ್ಪೇ ತಪ್ಪು. ಮಕ್ಕಳು ಭೂತಗನ್ನಡಿಯಲ್ಲಿ ಕಾಗದ ಸುಡುವಂತೆ ಅದು ಒಳಗಿನ ಶಟರನ್ನೋ ಸೆನ್ಸರನ್ನೋ ಸುಡಬಹುದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕ್ಯಾಮೆರಾ ಆನ್ ಮಾಡಿ ಜೂಮ್ ಮುಂದೆ ಹಿಂದೆ ಓಡಿಸಿ.

ಒಂದು ಪಕ್ಕ ಮಾತ್ರ ಮಸುಕು

ದಿನಪತ್ರಿಕೆಯ ಎರಡು ಹಾಳೆಗಳನ್ನು ಗೋಡೆಗೆ ಚಪ್ಪಟೆಯಾಗಿ ಅಂಟಿಸಿ. ಕ್ಯಾಮೆರಾವನ್ನು ಗೋಡೆಗೆ ನೇರವಾಗಿ ಮೇಜಿನ ಮೇಲಿಟ್ಟು, ಟೈಮರ್ ಹಾಕಿ ಒಂದು ಚಿತ್ರ ತೆಗೆಯಿರಿ. ಈಗ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಇನ್ನೊಂದು. ಎರಡನೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ನೇರ ಮಾಡಿ ಹೋಲಿಸಿ. ಮಸುಕು ಪತ್ರಿಕೆಯ ಅದೇ ಪಕ್ಕದಲ್ಲಿ ಉಳಿದರೆ ಕ್ಯಾಮೆರಾ ಗೋಡೆಗೆ ಓರೆಯಾಗಿತ್ತು, ಅಷ್ಟೇ. ಮಸುಕು ಇನ್ನೊಂದು ಪಕ್ಕಕ್ಕೆ ಹಾರಿದರೆ ಅದು ಕ್ಯಾಮೆರಾದ ಜೊತೆಗೇ ತಿರುಗಿದೆ. ಒಳಗಿನ ಗಾಜೊಂದು ನಡುಗೆರೆ ಬಿಟ್ಟು ಸರಿದಿದೆ.

ಸಣ್ಣ ಕ್ಯಾಮೆರಾದಲ್ಲಿ ಇದು ಇಷ್ಟು ಎದ್ದು ಕಾಣಲು ಕಾರಣವಿದೆ. ಸಾಮಾನ್ಯವಾಗಿ ಬಳಸುವ, 1/2.3 ಇಂಚು ಎಂದು ಹೆಸರಿಟ್ಟಿರುವ ಸೆನ್ಸರ್ ನಿಜದಲ್ಲಿ 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ. ಅಗಲ ಒಂದು ಅಕ್ಕಿಕಾಳಿನ ಉದ್ದದಷ್ಟು. ಇಡೀ ಬೇಲೂರಿನ ಗೋಪುರ ಆ ಅಕ್ಕಿಕಾಳಿನ ಮೇಲೆ ಮೂಡಬೇಕು. ಗಾಜು ಕಣ್ಣಿಗೆ ಕಾಣದಷ್ಟು ಸರಿದರೂ ಚಿತ್ರದಲ್ಲಿ ಒಂದು ಪಕ್ಕವೇ ಕರಗುತ್ತದೆ. ಬಿದ್ದ ಕ್ಯಾಮೆರಾಗಳಲ್ಲಿ, ಪಕ್ಕಕ್ಕೆ ಜಾರುವ ಗಾಜಿನ ಬಗೆಯಲ್ಲಿ ಇದನ್ನು ಹೆಚ್ಚು ಕಾಣುತ್ತೇವೆ. ನಾಲ್ಕೈದು ಸಲ ಆಫ್ ಆನ್ ಮಾಡಿ ಪ್ರತಿ ಸಲವೂ ಪತ್ರಿಕೆ ತೆಗೆಯಿರಿ. ಒಮ್ಮೆ ಸರಿ ಒಮ್ಮೆ ತಪ್ಪು ಬಂದರೆ ಗಾಜು ಸಾಲಿಗೆ ಮರಳುವಾಗ ತಡವರಿಸುತ್ತಿದೆ. ಪ್ರತಿ ಸಲವೂ ಒಂದೇ ರೀತಿ ತಪ್ಪಿದರೆ ಶಾಶ್ವತವಾಗಿ ಓರೆಯಾಗಿದೆ. ರಿಪೇರಿ ಮಾಡುವವರಿಗೆ ಈ ವ್ಯತ್ಯಾಸ ಬಹಳ ಉಪಯೋಗಕ್ಕೆ ಬರುತ್ತದೆ.

ಪರದೆಯ ಚಿತ್ರ ಮೇಜಿನ ಮೇಲಿಟ್ಟಾಗಲೂ ಗಡಗಡ ನಡುಗುತ್ತಿದ್ದರೆ, ಜೊತೆಗೆ ಗುಂಯ್ ಎನ್ನುವ ಸದ್ದಿದ್ದರೆ, ಅದು ಕೈನಡುಕ ತಡೆಯುವ ಸ್ಟೆಬಿಲೈಸರ್ ಹದ ತಪ್ಪಿದ ಲಕ್ಷಣ. ಮೆನುವಿನಲ್ಲಿ ಅದನ್ನು ಆಫ್ ಮಾಡಿ ನೋಡಿ. ಹಗಲಿನ ಚಿತ್ರಗಳಿಗೆ ಹಾಗೆಯೇ ಬಳಸಬಹುದು.

ಬಿಳಿ ಉಂಡೆಗಳು, ಬೂದು ಚುಕ್ಕೆಗಳು

ಇವೆರಡನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ಕೆಮ್ಮಣ್ಣುಗುಂಡಿಯಲ್ಲಿ ರಾತ್ರಿ ಫ್ಲ್ಯಾಶ್ ಹಾಕಿ ತೆಗೆದ ಚಿತ್ರದಲ್ಲಿ ಬಟ್ಟಲಿನಂಥ ಬೆಳ್ಳನೆಯ ಉರುಟುಗಳು ತೇಲುತ್ತವೆ. ರಥೋತ್ಸವದ ಧೂಳಿನಲ್ಲೂ ಬರುತ್ತವೆ. ಅದನ್ನು ದೈವದ ಇರವೆಂದು ಭಕ್ತಿಯಿಂದ, ಬೇರೇನೋ ಎಂದು ಭಯದಿಂದ ತಂದು ತೋರಿಸುವವರಿಗೆ ನಾನು ಕ್ಯಾಮೆರಾದ ಮುಖವನ್ನೇ ತೋರಿಸುತ್ತೇನೆ: ಫ್ಲ್ಯಾಶಿಗೂ ಲೆನ್ಸಿಗೂ ಎರಡು ಬೆರಳಿನ ಅಂತರವೂ ಇಲ್ಲ. ಲೆನ್ಸಿನ ಮುಂದೆ ಗೇಣುದ್ದದಲ್ಲಿ ತೇಲುವ ಮಂಜಿನ ಹನಿಗೆ ಫ್ಲ್ಯಾಶ್ ಬಡಿದು ಅದರ ಹೊಳಪು ನೇರವಾಗಿ ಲೆನ್ಸಿಗೆ ಮರಳುತ್ತದೆ. ಫೋಕಸ್ ಇಲ್ಲದ ಕಾರಣ ಉಂಡೆಯಾಗಿ ಊದಿಕೊಳ್ಳುತ್ತದೆ. ಫ್ಲ್ಯಾಶ್ ಆಫ್ ಮಾಡಿದರೆ ಮಾಯ. ಇದಕ್ಕೆ ರಿಪೇರಿ ಬೇಡ.

ಬೂದು ಚುಕ್ಕೆ ಹಗಲಿನಲ್ಲೂ, ಎಲ್ಲ ಚಿತ್ರಗಳಲ್ಲೂ, ಅದೇ ಜಾಗದಲ್ಲಿ ಇರುತ್ತದೆ. ತಿಳಿಯಾದ ಆಕಾಶವನ್ನು ಪೂರ್ತಿ ಜೂಮ್ ಮಾಡಿ ತೆಗೆದಾಗ ಚುಕ್ಕೆ ಗಾಢವಾದರೆ ಸೆನ್ಸರಿನ ಮೇಲೆ ಧೂಳು ಕುಳಿತಿದೆ. ಹೊರಚಾಚುವ ಲೆನ್ಸ್ ಒಳಹೊರಗೆ ಆಡುವಾಗ ತಿದಿಯಂತೆ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ಧೂಳೂ ಬರುತ್ತದೆ. ಕಾಫಿ ಕಣದಲ್ಲಿ, ಜಾತ್ರೆಯಲ್ಲಿ ಪದೇ ಪದೇ ಜೂಮ್ ಮಾಡಬೇಡಿ. ಮಡಚಿದ ದಾರಿಯ ಕ್ಯಾಮೆರಾಗಳಿಗೆ ಈ ಕಾಟ ಕಡಿಮೆ. ಸೆನ್ಸರ್ ತಲುಪಲು ಲೆನ್ಸ್ ಜೋಡಣೆ ಬಿಚ್ಚಬೇಕು, ಆದ್ದರಿಂದ ಇದು ಮನೆಯ ಕೆಲಸವಲ್ಲ. ಒಂದೇ ಚುಕ್ಕೆಯಾದರೆ ಕಂಪ್ಯೂಟರಿನಲ್ಲಿ ಅಳಿಸಿಕೊಂಡು ಮುಂದುವರಿಯುವುದು ಜಾಣತನ.

ಪರದೆ ಕಪ್ಪು, ಇಲ್ಲವೇ ಬಿಸಿಲಲ್ಲಿ ಎಲ್ಲ ಬೆಳ್ಳಗೆ

ಮೆನು ಕಾಣುತ್ತದೆ, ಹಳೆಯ ಚಿತ್ರ ಕಾಣುತ್ತದೆ, ಎದುರಿನ ದೃಶ್ಯ ಮಾತ್ರ ಕಪ್ಪು: ಶಟರ್ ಮುಚ್ಚಿಕೊಂಡೇ ಅಂಟಿರಬಹುದು. ಕೋಣೆಯೊಳಗೆ ಪರವಾಗಿಲ್ಲ, ಬಿಸಿಲಲ್ಲಿ ಬೆಳ್ಳಗೆ ಸುಟ್ಟು ಉದ್ದ ಗೆರೆಗಳೂ ಬೀಳುತ್ತವೆ: ಶಟರ್ ಮುಚ್ಚುತ್ತಿಲ್ಲ. ಫ್ಲ್ಯಾಶ್ ಆಫ್ ಮಾಡಿ, ಲೆನ್ಸಿನೊಳಗೆ ನೋಡುತ್ತಾ ಬಟನ್ ಒತ್ತಿ. ಸಣ್ಣ ರೆಕ್ಕೆಗಳು ಕಣ್ಣೆವೆ ಬಡಿದಂತೆ ಮುಚ್ಚಿ ತೆರೆಯಬೇಕು. ಬಡಿಯದಿದ್ದರೆ ರೆಕ್ಕೆ ಅಂಟಿದೆ ಅಥವಾ ಲೆನ್ಸಿನ ಜೊತೆ ಸಾವಿರಾರು ಸಲ ಮಡಚಿ ಬಿಚ್ಚಿಕೊಂಡ ತೆಳು ಫ್ಲೆಕ್ಸ್ ಕೇಬಲ್ ಹರಿದಿದೆ. ಒಂದೇ ಮೂಲೆ ಕಪ್ಪಾದರೆ ಮುಂದಿನ ಮುಚ್ಚಳದ ರೆಕ್ಕೆ ಪೂರ್ತಿ ತೆರೆದಿಲ್ಲ. ಬ್ಲೋವರಿನಿಂದ ಊದಿದರೆ ಸಾಕಾಗಬಹುದು.

ನೇರಳೆ ಬಣ್ಣ, ಹರಿದಾಡುವ ಗೆರೆಗಳು ಬೇರೆ ಕಥೆ. 2005ರ ಅಕ್ಟೋಬರಿನಲ್ಲಿ ಜಪಾನಿನ ಹಲವು ಕ್ಯಾಮೆರಾ ತಯಾರಕರು ಒಂದರ ಹಿಂದೊಂದು ಪ್ರಕಟಣೆ ಹೊರಡಿಸಿದರು. ಆ ಕಾಲದ ಸಿಸಿಡಿ ಎಂಬ ಬಗೆಯ ಕೆಲವು ಸೆನ್ಸರುಗಳೊಳಗಿನ ಸೂಕ್ಷ್ಮ ತಂತಿಯ ಬೆಸುಗೆ, ಬಿಸಿ ಮತ್ತು ತೇವದ ವಾತಾವರಣದಲ್ಲಿ ಕಳಚಿಕೊಳ್ಳುತ್ತಿತ್ತು. ಉಚಿತವಾಗಿ ಬದಲಿಸಿಕೊಟ್ಟರು ಕೂಡ. ಅದಕ್ಕೂ ಸ್ವಲ್ಪ ಮೊದಲಿನ ಕ್ಯಾಮೆರಾ ನಿಮ್ಮದಾಗಿದ್ದು, ಮಲೆನಾಡಿನ ಮಳೆ ಕಂಡಿದ್ದು, ಈ ಲಕ್ಷಣ ತೋರಿದರೆ ಲೆನ್ಸಿಗೆ ಹಣ ಹಾಕಬೇಡಿ. ಸೆನ್ಸರ್ ಬದಲಿಸದೆ ಅದು ಸರಿಯಾಗದು, ಅಂಥ ಸೆನ್ಸರ್ ಈಗ ಹೊಸದಾಗಿ ಸಿಗುವುದಿಲ್ಲ.

ಬಾಗಿಲ ಚೌಕಟ್ಟು ಬಿಲ್ಲಿನಂತೆ ಬಾಗಿದೆ

ಜೂಮ್ ಮಾಡದೆ ಅಗಲವಾಗಿ ತೆಗೆದಾಗ ಅಂಚಿನ ನೇರ ಗೆರೆಗಳು ಹೊರಕ್ಕೆ ಉಬ್ಬುವುದು ಸಣ್ಣ ಲೆನ್ಸಿನ ಸಹಜ ಗುಣ. 2008ರ ಪ್ಯಾನಾಸಾನಿಕ್ ಎಲ್ಎಕ್ಸ್3, 2009ರ ಕ್ಯಾನನ್ ಎಸ್90 ಕಾಲದಿಂದ ವಿನ್ಯಾಸಕಾರರು ಈ ಬಾಗನ್ನು ಗಾಜಿನಲ್ಲೇ ಪೂರ್ತಿ ತಿದ್ದುವ ಹಟ ಬಿಟ್ಟು, ಉಳಿದದ್ದನ್ನು ಸಾಫ್ಟ್‌ವೇರಿಗೆ ವಹಿಸಿದರು. ಅದರಿಂದಲೇ ಲೆನ್ಸ್ ಚಿಕ್ಕದಾಗಿಯೂ ಬೆಳಕು ಹೆಚ್ಚು ಕೊಡುವಂತೆಯೂ ಆಯಿತು. ಕ್ಯಾಮೆರಾ ತಿದ್ದಿ ಕೊಡುವ ಜೆಪೆಗ್ ಚಿತ್ರ ನೇರವಾಗಿದ್ದು, ತಿದ್ದದೆ ಉಳಿಸುವ ರಾ ಕಡತ ಮಾತ್ರ ಬಾಗಿ ಕಂಡರೆ ಗಾಬರಿ ಬೇಡ. ತಿದ್ದುವ ಸಾಫ್ಟ್‌ವೇರಿನಲ್ಲಿ ಆ ಕ್ಯಾಮೆರಾದ ಬಾಗನ್ನು ಸರಿಪಡಿಸುವ ಲೆನ್ಸ್ ಪ್ರೊಫೈಲ್ ಹಾಕಿ.

ಪರೀಕ್ಷಿಸಲು ಲೈಟು ಕಂಬವೋ ಬಾಗಿಲ ಚೌಕಟ್ಟೋ ಸಾಕು. ಬೇಲೂರಿನ ಕಂಬಗಳನ್ನು ಆರಿಸಿಕೊಳ್ಳಬೇಡಿ, ಕಡೆದ ಆ ಕಂಬಗಳ ಮೈಯೇ ಬಾಗುಬಳುಕಿನದು. ಹಳೇಬೀಡಿನ ಆನೆಯ ಸಾಲೂ ಬೇಡ. ಗೋಡೆಯೇ ಕೋನಕೋನವಾಗಿ ಮುರಿದು ಸಾಗುತ್ತದೆ.

ರಿಪೇರಿಗೆ ಕೊಡುವ ಮುನ್ನ

ಲೆನ್ಸ್ ವಾಲಿದ್ದರೆ, ಹಲ್ಲು ಜಾರುವ ಸದ್ದಿದ್ದರೆ, ಒಳಗೆ ಬೂಷ್ಟೋ ನೀರೋ ಇದ್ದರೆ, ಬ್ಯಾಟರಿ ಉಬ್ಬಿದ್ದರೆ, ಸುಟ್ಟ ವಾಸನೆ ಬಂದರೆ ಅಲ್ಲಿಗೇ ಕೈಬಿಡಿ. ಬಿಡಿಭಾಗಗಳು ಹೊಸದಾಗಿ ಸಿಗುವುದು ಈಗ ಅಪರೂಪ. ಅದೇ ಮಾದರಿಯ ಇನ್ನೊಂದು ಕೆಟ್ಟ ಕ್ಯಾಮೆರಾದ ಲೆನ್ಸ್ ಜೋಡಣೆ ತೆಗೆದು ಕೂರಿಸುವುದೇ ವಾಡಿಕೆ. ಹಾಗಾಗಿ ನೆಂಟರ ಮನೆಯಲ್ಲಿ ಅದೇ ಮಾದರಿಯದು ಪರದೆ ಒಡೆದು ಬಿದ್ದಿದ್ದರೆ ಜೊತೆಗೆ ತನ್ನಿ. ಕೂಲಿ ಎಷ್ಟೆಂದು ಮೊದಲೇ ಕೇಳಿ. ಅದು ಅದೇ ಮಾದರಿಯ ಚೆನ್ನಾಗಿರುವ ಹಳೆಯ ಕ್ಯಾಮೆರಾದ ಬೆಲೆ ಮುಟ್ಟುವಂತಿದ್ದರೆ, ನೆನಪಿನ ಬೆಲೆ ಇದ್ದರೆ ಮಾತ್ರ ಒಪ್ಪಿಕೊಳ್ಳಿ.

ಕಾರ್ಡನ್ನು ನಿಮ್ಮ ಬಳಿಯೇ ಇಟ್ಟುಕೊಂಡು, ಕೆಟ್ಟ ಚಿತ್ರಗಳ ಎರಡು ಮೂರು ಪ್ರತಿ ಕೊಡಿ. ದೋಷ ಯಾವಾಗ ಶುರುವಾಯಿತು, ಬಿದ್ದಿತ್ತೇ, ನೆನೆದಿತ್ತೇ, ಯಾವ ಸದ್ದು ಬಂತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ನೀವು ಏನೇನು ಮಾಡಿ ನೋಡಿದಿರಿ ಎಂಬುದನ್ನೂ ಬರೆಯಿರಿ. ಇಕ್ಕಳ ಹಾಕಿ ಎಳೆದಿದ್ದರೆ ಅದನ್ನೂ ಮುಚ್ಚಿಡಬೇಡಿ, ನಾನು ಬೈಯುವುದಿಲ್ಲ. ಯಾವ ಪಿನ್ನು ಜಾರಿದೆ ಎಂದು ಹುಡುಕುವ ಒಂದು ಗಂಟೆ ಉಳಿಯುತ್ತದೆ.